ಮಹಾಬಲ ಮಾಷ್ಟ್ರು ಬೇಸಿಕ್ ಎಂದದ್ದು

ಬೋಳಾರದಲ್ಲಿ ಒಂದು ಮಗು ಒಂಬತ್ತನೆಯ ತರಗತಿ ದಾಟಿತೆಂದರೆ, ಅದನ್ನು ಮಹಾಬಲ ಮಾಷ್ಟ್ರ ಜಗಲಿಗೆ ಒಮ್ಮೆ ಹತ್ತಿಸಿ ಇಳಿಸುವ ತನಕ ಮನೆಯವರಿಗೆ ಸಮಾಧಾನ ಇರುತ್ತಿರಲಿಲ್ಲ. ಮಾಷ್ಟ್ರು ಯಾರನ್ನೂ ಬನ್ನಿ ಎಂದು ಕರೆದವರಲ್ಲ, ಗೇಟಿಗೆ ಬೋರ್ಡು ಹಾಕಿದವರೂ ಅಲ್ಲ. ಆದರೂ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನೋಡಿದರೆ ಮೆಟ್ಟಿಲ ಕೆಳಗೆ ಎರಡು ಜೊತೆ ಚಪ್ಪಲಿ ಇದ್ದೇ ಇರುತ್ತಿತ್ತು, ಒಂದು ದೊಡ್ಡದು, ಒಂದು ಸಣ್ಣದು.

ಬಂದವರ ಪ್ರಶ್ನೆ ಒಂದೇ. ಈ ಮಗುವಿಗೆ ಗಣಿತ ಎಷ್ಟರ ಮಟ್ಟಿಗೆ ಆದೀತು? ಪಿಯುಸಿಯಲ್ಲಿ ಪಿಸಿಎಂಬಿ ಕೊಡಿಸಬಹುದೋ, ಕಾಮರ್ಸಿಗೆ ಹಾಕುವುದು ಒಳ್ಳೆಯದೋ? ಸಿಬಿಎಸ್‌ಇ ಶಾಲೆಯ ಮಕ್ಕಳಾದರೆ ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಕವಲೂ ಸೇರಿಕೊಂಡಿತ್ತು. ಹತ್ತನೆಯ ತರಗತಿಯ ಗಣಿತದಲ್ಲಿ ಅವರಿಗೆ ಎರಡು ಪರೀಕ್ಷೆ, ಸ್ಟ್ಯಾಂಡರ್ಡ್ ಎಂದು ಒಂದು, ಬೇಸಿಕ್ ಎಂದು ಒಂದು. ಪುಸ್ತಕ ಅದೇ, ಟೀಚರು ಅವರೇ, ಕುಳಿತುಕೊಳ್ಳುವ ಬೆಂಚೂ ಅದೇ. ಕೊನೆಯ ಪ್ರಶ್ನೆಪತ್ರಿಕೆ ಮಾತ್ರ ಬೇರೆ. ಬೇಸಿಕ್ ಸುಲಭದ್ದು. ಸುಲಭದ್ದನ್ನು ಬರೆದವರಿಗೆ ಮುಂದೆ ಗಣಿತದ ಬಾಗಿಲು ಅಷ್ಟು ಸುಲಭದಲ್ಲಿ ತೆರೆಯುವುದಿಲ್ಲ, ಅಷ್ಟೇ.

ಮಾಷ್ಟ್ರು ಮಗುವನ್ನು ಮೇಜಿನ ಮುಂದೆ ಕೂರಿಸಿ ಒಂದು ಹಾಳೆಯಲ್ಲಿ ಐದು ಲೆಕ್ಕ ಬರೆದುಕೊಡುತ್ತಿದ್ದರು. ಪೆನ್ಸಿಲು, ರಬ್ಬರು ಅವರದ್ದೇ. ಆಮೇಲೆ ಎದುರಿನ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದರು. ಉತ್ತರ ನೋಡುವ ಆತುರ ಅವರಿಗಿರಲಿಲ್ಲ. ಅವರ ಕಣ್ಣು ಪೆನ್ಸಿಲಿನ ಮೇಲೆ. ಅದು ಎಲ್ಲಿ ಓಡುತ್ತದೆ, ಎಲ್ಲಿ ನಿಲ್ಲುತ್ತದೆ, ನಿಂತ ಮೇಲೆ ಹಿಂದೆ ಹೋಗುತ್ತದೋ ಅಲ್ಲಿಯೇ ಒದ್ದಾಡುತ್ತದೋ. ನಾಲ್ಕು ಲೆಕ್ಕ ಸಾಧಾರಣ, ಐದನೆಯದ್ದು ಗಟ್ಟಿ. ಆ ಐದನೆಯದ್ದರ ಮುಂದೆ ಮಗು ಏನು ಮಾಡಿತು ಎನ್ನುವುದರ ಮೇಲೆ ಅವರ ತೀರ್ಪು. ತಮ್ಮೊಳಗೆ ಗೊಣಗುವ ಮಕ್ಕಳನ್ನು, ‘ಇದು ಯಾಕೆ ಹೀಗೆ?’ ಎಂದು ತಲೆಯೆತ್ತಿ ಕೇಳುವ ಮಕ್ಕಳನ್ನು ಕಂಡರೆ ಅವರ ಮುಖ ಅರಳುತ್ತಿತ್ತು.

ಅವರ ಹಳೆಯ ಶಿಷ್ಯ ಆಂಬ್ರೋಸ್ ಒಂದು ಸಿಬಿಎಸ್‌ಇ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ. ಅವನು ತಮಾಷೆ ಮಾಡುವುದುಂಟು: “ಭೂತದ ಕೋಲದ ಹಾಗೆ ನಿಮ್ಮ ಜಗಲಿಯಲ್ಲಿ ದರ್ಶನ ಆಗಿ ನುಡಿ ಕೊಡದೆ ಈ ಊರಲ್ಲಿ ಯಾರಿಗೂ ಗಣಿತ ಇಲ್ಲ ಸರ್.” ಮಾಷ್ಟ್ರು ನಗುತ್ತಿದ್ದರು. ಒಳಗೊಳಗೆ ಆ ಮಾತು ಅವರಿಗೆ ಇಷ್ಟವಾಗುತ್ತಿತ್ತು ಎಂದರೆ ಸುಳ್ಳಲ್ಲ.

ಅನುದಾನಿತ ಕನ್ನಡ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತರಾದವರು ಮಹಾಬಲ ಶೆಟ್ಟರು. ಮಕ್ಕಳಿರಲಿಲ್ಲ. ಹೆಂಡತಿ ತೀರಿಹೋಗಿ ಹನ್ನೆರಡು ವರ್ಷವಾಗಿತ್ತು. ಪಕ್ಕದ ಕಂಪೌಂಡಿನಲ್ಲೇ ತಂಗಿ ಕುಶಲಾಳ ಮನೆ. ಊಟ ಅಲ್ಲಿಂದ, ಮಾತು ಅಲ್ಲಿಯದ್ದು, ಚಿಂತೆಯೂ ಅಲ್ಲಿಯದ್ದೇ. ಕುಶಲಾಳ ಗಂಡ ಬೈಕಂಪಾಡಿಯ ಗೋದಾಮೊಂದರಲ್ಲಿ ಸೂಪರ್‌ವೈಸರ್. ಪಾಳಿಯ ಕೆಲಸ, ಒಳ್ಳೆಯ ಮನುಷ್ಯ, ಮಾತು ಕಡಿಮೆ. ಮಕ್ಕಳ ವಿಷಯ ಬಂದರೆ “ನಿನ್ನ ಅಣ್ಣನನ್ನು ಕೇಳು” ಎಂದುಬಿಡುವವನು. ಅದರಲ್ಲಿ ಉದಾಸೀನವಿರಲಿಲ್ಲ. ಅವರ ಕಡೆಯ ಕ್ರಮವೇ ಹಾಗೆ. ಆಸ್ತಿಪಾಸ್ತಿಯೆಲ್ಲ ಹಂಚಿಹೋಗಿ, ಅಳಿಯಸಂತಾನದ ಕಾನೂನು ಬದಲಾಗಿ ಎಷ್ಟು ಕಾಲವಾದರೂ ತಾಯಿಯ ಅಣ್ಣನ ಮಾತಿಗೆ ಒಂದು ತೂಕ ಉಳಿದುಕೊಂಡಿತ್ತು. ತುಳುವಿನಲ್ಲಿ ಅವನು ತಮ್ಮಲೆ. ಮದುವೆಗೆ ತಮ್ಮಲೆ ಹೂಂ ಅನ್ನಬೇಕು, ಮನೆ ಕಟ್ಟುವುದಕ್ಕೆ ತಮ್ಮಲೆಯನ್ನು ಕೇಳಬೇಕು. ತಂಗಿಯ ಮಕ್ಕಳಾದ ಅಳಿಯ ಸೊಸೆಯರು ತಮ್ಮಲೆಯ ಮುಂದೆ ಎದುರು ಮಾತಾಡುವುದಿಲ್ಲ. ಯಾರೂ ಹೀಗೆಂದು ಕಲಿಸಿದ್ದಲ್ಲ. ಮನೆಯಲ್ಲಿ ನೋಡಿ ನೋಡಿ ಬಂದದ್ದು.

ಕುಶಲಾಳಿಗೆ ಇಬ್ಬರು ಮಕ್ಕಳು, ಶೋಭಿತ್ ಮತ್ತು ಅವನಿಗಿಂತ ಎಂಟು ವರ್ಷಕ್ಕೆ ಸಣ್ಣವಳು ಸಂಚಿತಾ.

ಶೋಭಿತ್ ಹತ್ತನೆಯಲ್ಲಿ ಗಣಿತಕ್ಕೆ ತೊಂಬತ್ತನಾಲ್ಕು ತೆಗೆದ ಹುಡುಗ. ಮಾಷ್ಟ್ರು ಅವನನ್ನೂ ಮೇಜಿನ ಮುಂದೆ ಕೂರಿಸಿದ್ದರು. ಐದೂ ಲೆಕ್ಕ ಸರಿ ಮಾಡಿದ. ಪಿಸಿಎಂಬಿ ಎಂದರು, ಬೆಳಗಿನ ಜಾವ ಐದಕ್ಕೆ ಎಬ್ಬಿಸಿ ಕೋಚಿಂಗಿಗೆ ಕೂರಿಸುವ ಕಾಲೇಜೊಂದರ ಹಾಸ್ಟೆಲಿಗೆ ತಾವೇ ಕರೆದುಕೊಂಡು ಹೋಗಿ ಸೇರಿಸಿ ಬಂದರು. ಹುಡುಗ ಬೇಡ ಅನ್ನಲಿಲ್ಲ. ಮೊದಲ ವರ್ಷ ಎಳೆದುಕೊಂಡು ದಾಟಿದ. ಎರಡನೆಯ ವರ್ಷ ಗಣಿತದಲ್ಲಿ ಫೇಲು, ಸಪ್ಲಿಮೆಂಟರಿಯಲ್ಲಿ ಮತ್ತೆ ಫೇಲು. ಮೂರನೆಯ ಸಲ ಹಾಲ್ ಟಿಕೆಟ್ ತಂದು ಇಟ್ಟರೂ ಪರೀಕ್ಷೆಗೆ ಹೋಗಲಿಲ್ಲ. ಹನ್ನೊಂದು ತಿಂಗಳು ಕೋಣೆಯಿಂದ ಹೊರಗೆ ಬಂದವನಲ್ಲ. ಕುಶಲಾ ತಟ್ಟೆಯನ್ನು ಬಾಗಿಲ ಹತ್ತಿರ ಇಟ್ಟು ಬರುತ್ತಿದ್ದಳು. ಆಮೇಲೆ ಹೇಗೋ ತೊಕ್ಕೊಟ್ಟಿನಲ್ಲಿ ಸಂಬಂಧಿಕರ ಹೋಟೆಲಿನ ಕೌಂಟರಿಗೆ ಹೋಗಿ ನಿಂತ, ಅಲ್ಲೇ ಮೇಲಿನ ಕೋಣೆಯಲ್ಲಿ ಉಳಿದುಕೊಂಡ. ಅಮ್ಮನಿಗೆ ಫೋನು ಮಾಡುತ್ತಾನೆ, ತಂಗಿಯ ಹತ್ತಿರ ಮಾತಾಡುತ್ತಾನೆ. ತಮ್ಮಲೆ ಇರುವ ಕಡೆಗೆ ಬರುವುದಿಲ್ಲ.

ಈ ಕಾರಣದಿಂದ ಮಾಷ್ಟ್ರು ಬದಲಾದರು. ಊರವರಿಗೆ ತಿಳಿಯದಷ್ಟು ಸೂಕ್ಷ್ಮವಾಗಿ ಅವರ ನುಡಿ ತಗ್ಗಿತು. ಮೊದಲಾದರೆ ‘ಹೋಗಲಿ, ಏರಲಿ’ ಎನ್ನುತ್ತಿದ್ದ ಕಡೆ ಈಗ ‘ಯಾಕೆ ಸುಮ್ಮನೆ, ಇದು ಸಾಕು’ ಎನ್ನತೊಡಗಿದರು.

ಸಂಚಿತಾ ಹತ್ತನೆಗೆ ಬಂದಳು. ಆಂಬ್ರೋಸನ ಶಾಲೆಯಲ್ಲೇ ಓದುತ್ತಿದ್ದಳು. ಸೆಪ್ಟೆಂಬರಿನಲ್ಲಿ ಶಾಲೆಯಿಂದ ಕಾಗದ ಬಂತು: ಸ್ಟ್ಯಾಂಡರ್ಡೋ ಬೇಸಿಕ್ಕೋ ಒಂದಕ್ಕೆ ಗುರುತು ಹಾಕಿ, ಸಹಿ ಮಾಡಿ ಸೋಮವಾರದೊಳಗೆ ಕಳಿಸಬೇಕು, ಹೆಸರುಗಳು ಬೋರ್ಡಿಗೆ ಹೋದ ಮೇಲೆ ಬದಲಾವಣೆ ಇಲ್ಲ. ಕುಶಲಾ ಕಾಗದ ಹಿಡಿದುಕೊಂಡು ಬೇಲಿಯ ಸಂದಿಯಿಂದ ದಾಟಿ ಬಂದಳು. ಭಾನುವಾರ ಸಂಜೆ ಅವಳನ್ನು ಕಳಿಸು ಎಂದರು ಮಾಷ್ಟ್ರು.

ಆ ಭಾನುವಾರ ಮಧ್ಯಾಹ್ನ ತೊಕ್ಕೊಟ್ಟಿನ ಹಾಲೊಂದರಲ್ಲಿ ಅವರಿಗೆ ಮದುವೆಯ ಊಟವಿತ್ತು. ವಾಪಸು ಬರುವಾಗ ಬಸ್ಸಿಗೆ ಕಾಯುತ್ತಾ ನಿಂತ ಜಾಗ ಸರಿಯಾಗಿ ಆ ಹೋಟೆಲಿನ ಎದುರು. ಕೌಂಟರಿನಲ್ಲಿ ಶೋಭಿತ್ ಯಾರಿಗೋ ಟೋಕನ್ ಕೊಡುತ್ತಿದ್ದ. ತಲೆಯೆತ್ತಿದ, ನೋಡಿದ. ನೋಡಿದ್ದು ಹೌದು. ಮಾಷ್ಟ್ರು ಕೈಯೆತ್ತಲೋ ಬೇಡವೋ ಎಂದುಕೊಳ್ಳುವಷ್ಟರಲ್ಲಿ ಅವನು ಪಕ್ಕದವನಿಗೆ ಏನೋ ಹೇಳಿ ಪರದೆ ಸರಿಸಿ ಒಳಗೆ ಹೋದ. ಮಾಷ್ಟ್ರು ಎರಡು ಬಸ್ಸು ಬಿಟ್ಟು ಕಾದರು. ಅವನು ಹೊರಗೆ ಬರಲಿಲ್ಲ.

ಅದೇ ತಲೆಯಲ್ಲಿ ಮನೆಗೆ ಬಂದು ಕುಳಿತವರ ಮುಂದೆ ಸೊಸೆ ಬಂದು ನಿಂತಳು. ಹಾಳೆ ತೆಗೆದು ಐದು ಲೆಕ್ಕ ಬರೆದು ಕೊಟ್ಟರು. ಅವಳು ಕುಳಿತಳು. ಆವತ್ತು ಅವರು ಪೆನ್ಸಿಲನ್ನು ನೋಡಲಿಲ್ಲ. ಕಣ್ಣು ಅಂಗಳದ ಕಡೆಗಿತ್ತು, ಮನಸ್ಸು ನೇತ್ರಾವತಿಯ ಆಚೆ ಆ ಪರದೆಯ ಹಿಂದೆ ಇತ್ತು. ಎಷ್ಟೋ ಹೊತ್ತಾದ ಮೇಲೆ ತಿರುಗಿದರೆ ಹುಡುಗಿ ಕೈ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು.

ಹಾಳೆಯಲ್ಲಿ ನಾಲ್ಕು ಲೆಕ್ಕ ಸರಿ. ಆದರೆ ನಡುವಿನ ಹೆಜ್ಜೆಗಳಿಲ್ಲ, ಬರೀ ಉತ್ತರ. ಐದನೆಯದ್ದರ ಕೆಳಗೆ ಖಾಲಿ.

ಇದು ಯಾಕೆ ಮಾಡಲಿಲ್ಲ ಎಂದು ಕೇಳಿದರು. ಬರುವುದಿಲ್ಲವಾ ಎಂದರು. ಅವಳು ನೆಲ ನೋಡಿದಳು. ಮಾಷ್ಟ್ರಿಗೆ ಆ ಮೌನದಲ್ಲಿ ಅವಳ ಅಣ್ಣನೇ ಕಂಡ. ಅವನೂ ಹೀಗೆಯೇ ನೆಲ ನೋಡುತ್ತಿದ್ದ, ಹಾಸ್ಟೆಲಿನ ಗೇಟಿನಲ್ಲಿ.

“ಇವಳಿಗೆ ಬೇಸಿಕ್ ಸಾಕು” ಎಂದರು, ಮಗಳನ್ನು ಕರೆಯಲು ಬಂದ ಕುಶಲಾಳಿಗೆ. “ಗಣಿತ ಇಲ್ಲದೆಯೂ ಜನ ಬದುಕ್ತಾರೆ. ಒಬ್ಬನನ್ನು ನೋಡಿದ್ದು ಸಾಲದಾ ನಮಗೆ?”

ಕುಶಲಾ ಮಗಳ ಮುಖ ನೋಡಿದಳು. ಮಗಳು ಪೆನ್ಸಿಲು, ರಬ್ಬರನ್ನು ಮೇಜಿನ ಬದಿಗೆ ಸರಿಸಿ ಇಟ್ಟಳು. ಆ ರಾತ್ರಿ ಅವಳ ಅಪ್ಪ ಬೇಸಿಕ್ಕಿಗೆ ಗುರುತು ಹಾಕಿ ಸಹಿ ಮಾಡಿದ.

ಎರಡು ದಿನ ಬಿಟ್ಟು ಆಂಬ್ರೋಸನ ಫೋನು ಬಂತು. ಅವನು ಬಹಳ ಸುತ್ತಿ ಬಳಸಿ ಮಾತಾಡಿದ. ಉಳಿದವರ ವಿಷಯದಲ್ಲಿ ನಿಮ್ಮ ಮಾತಿಗೆ ನಾನು ಎದುರಾಡಿದವನಲ್ಲ ಸರ್, ಆದರೆ ಈ ಹುಡುಗಿ ಕ್ಲಾಸಿನಲ್ಲಿ ಬಾಯಿ ಬಿಡುವುದಿಲ್ಲ ಎಂದ ಮಾತ್ರಕ್ಕೆ ಬರುವುದಿಲ್ಲ ಎಂದಲ್ಲ, ಲಿಸ್ಟು ಇನ್ನೂ ನನ್ನ ಕೈಯಲ್ಲಿ ಉಂಟು, ನಾಳೆ ಮಧ್ಯಾಹ್ನದ ತನಕ ಬದಲಿಸಬಹುದು ಎಂದ. ಮಾಷ್ಟ್ರು ಎಲ್ಲ ಕೇಳಿಸಿಕೊಂಡರು.

“ಶೋಭಿತ್‌ನ ನೆನಪು ಉಂಟಾ ನಿನಗೆ?” ಎಂದು ಕೇಳಿದರು.

“ಉಂಟು ಸರ್” ಎಂದ ಆಂಬ್ರೋಸ್.

“ಹಾಗಾದರೆ ಬಿಡು ಮಾರಾಯ” ಎಂದು ಮಾಷ್ಟ್ರು ಫೋನು ಇಟ್ಟರು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಸಂಚಿತಾಳಿಗೆ ಬೇಸಿಕ್ ಗಣಿತದಲ್ಲಿ ತೊಂಬತ್ತೇಳು. ಕುಶಲಾ ಪಾಯಸ ಮಾಡಿದಳು. ಮಾಷ್ಟ್ರು ಎರಡು ಸಲ ಹಾಕಿಸಿಕೊಂಡರು. ಮಗು ಮುರಿಯದೆ ದಾಟಿತು ಎಂಬುದೇ ಅವರ ಸಮಾಧಾನ. ಹುಡುಗಿ ಬಡಿಸಿ, ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಇದಾಗಿ ನಾಲ್ಕನೆಯ ದಿನ ಬೆಳಿಗ್ಗೆ, ಮಾಷ್ಟ್ರು ತಂಗಿಯ ಮನೆಯಲ್ಲಿ ಚಾ ಕುಡಿಯುತ್ತಿದ್ದಾಗ, ಹಲೀಮಾ ಬಂದಳು. ಎರಡು ಬೀದಿ ಆಚೆಯವಳು. ಅವಳ ಮಗಳು ಮರ್ವಾ ಸಂಚಿತಾಳ ತರಗತಿಯವಳು, ಅವಳದು ಸ್ಟ್ಯಾಂಡರ್ಡ್ ಗಣಿತ. ಕೈಯಲ್ಲಿ ಸಿಹಿತಿಂಡಿಯ ಡಬ್ಬ, ಮುಖದ ತುಂಬಾ ನಗು. ಮರ್ವಾಳಿಗೆ ಸ್ಟ್ಯಾಂಡರ್ಡಿನಲ್ಲಿ ಎಂಬತ್ತಾರು ಬಂದಿತ್ತು.

“ನಿಮ್ಮ ಹುಡುಗಿಯಿಂದ ಆದದ್ದು ಅಕ್ಕಾ” ಎಂದು ಕುಶಲಾಳ ಕೈ ಹಿಡಿದುಕೊಂಡಳು. “ಅರ್ಧ ವಾರ್ಷಿಕದಲ್ಲಿ ಮರ್ವಾಳಿಗೆ ನಲವತ್ತೊಂದು. ಟ್ಯೂಷನಿಗೆ ಹಾಕಿದ್ರೆ ಅಲ್ಲಿಯೂ ತಲೆಗೆ ಹೋಗುದಿಲ್ಲ. ಮತ್ತೆ ಸಂಚಿತಾ ಹೇಳಿಕೊಡ್ಲಿಕ್ಕೆ ಶುರು ಮಾಡಿದ್ದು. ದಿನಾ ಸಂಜೆ ನಮ್ಮ ಟೆರೇಸಲ್ಲಿ. ಹಳೇ ಸ್ಟ್ಯಾಂಡರ್ಡ್ ಪೇಪರೆಲ್ಲ ಬಿಡಿಸಿ ಬಿಡಿಸಿ ತೋರಿಸ್ತಿದ್ಳು. ನಾನು ಬಟ್ಟೆ ತೆಗೀಲಿಕ್ಕೆ ಹೋದ್ರೆ ಸಂಚಿತಾಳದ್ದೇ ಸ್ವರ. ನಮ್ಮಲ್ಲಿ ಎಂತ ಮಾತಾಡ್ತಾಳೆ ಗೊತ್ತುಂಟಾ? ಮರ್ವಾ ತಪ್ಪು ಮಾಡಿದ್ರೆ ಬೈತಾಳೆ.”

ಕುಶಲಾ ಡಬ್ಬ ತೆಗೆದುಕೊಂಡು ನಕ್ಕಳು. ಹಲೀಮಾ ಮಾಷ್ಟ್ರ ಕಡೆ ತಿರುಗಿದಳು. ಕಾಲೇಜಿನಲ್ಲಿ ಗಣಿತ ಕಲಿಸುವವಳಾಗುತ್ತೇನೆ ಎಂದು ಆ ಹುಡುಗಿ ಮರ್ವಾಳ ಹತ್ತಿರ ಹೇಳುತ್ತಿದ್ದಳಂತೆ, ಮಾವನದ್ದೇ ರಕ್ತ ಅಲ್ಲವಾ ಎಂದಳು. ಅವಳು ಅದನ್ನು ಹೊಗಳಿಕೆಯಾಗಿಯೇ ಹೇಳಿದ್ದು.

ಚಾ ತಣ್ಣಗಾಯಿತು. ಮಾಷ್ಟ್ರು ಎದ್ದು ತಮ್ಮ ಮನೆಗೆ ಬಂದರು. ಕಪಾಟಿನಲ್ಲಿ ವರ್ಷವಾರು ಕಟ್ಟಿಟ್ಟ ಹಾಳೆಗಳ ಕಟ್ಟು ಇತ್ತು. ಜಗಲಿಗೆ ಬಂದ ಒಂದು ಮಗುವಿನ ಹಾಳೆಯನ್ನೂ ಅವರು ಎಸೆದವರಲ್ಲ. ಸಂಚಿತಾಳದ್ದನ್ನು ತೆಗೆದು ಕಿಟಕಿಯ ಹತ್ತಿರ ನಿಂತರು. ನಾಲ್ಕು ಲೆಕ್ಕ ಮತ್ತೆ ನೋಡಿದರು. ಬರೀ ಉತ್ತರ ಎಂದುಕೊಂಡಿದ್ದರು. ಈಗ ನೋಡಿದರೆ ಅವು ಹೆಜ್ಜೆ ಬರೆಯುವ ಅಗತ್ಯವೇ ಬೀಳದವಳ ಉತ್ತರಗಳು. ಹೆದರಿದ ಮಗು ಹಾಗೆ ಬರೆಯುವುದಿಲ್ಲ.

ಐದನೆಯದ್ದು ಅವರದ್ದೇ ಕೈಬರಹ: ಒಂದು ಆಯತದ ಸುತ್ತಳತೆ ನಲವತ್ತು ಮೀಟರ್, ವಿಸ್ತೀರ್ಣ ನೂರಿಪ್ಪತ್ತು ಚದರ ಮೀಟರ್, ಉದ್ದ ಅಗಲ ಕಂಡುಹಿಡಿ.

ಮಾಷ್ಟ್ರು ಅದನ್ನು ಓದಿದರು. ಇನ್ನೊಮ್ಮೆ ಓದಿದರು. ಈ ಲೆಕ್ಕವನ್ನು ಅವರು ನೂರು ಮಕ್ಕಳಿಗಾದರೂ ಕೊಟ್ಟಿರಬಹುದು. ಉದ್ದ ಹನ್ನೆರಡು, ಅಗಲ ಎಂಟು, ವಿಸ್ತೀರ್ಣ ತೊಂಬತ್ತಾರು. ತೊಂಬತ್ತಾರು ಎಂದು ಬರೆಯಬೇಕಾದ ಕಡೆ ಅವರು ನೂರಿಪ್ಪತ್ತು ಬರೆದಿದ್ದರು. ನಲವತ್ತು ಮೀಟರ್ ಸುತ್ತಳತೆಯಲ್ಲಿ ನೂರಕ್ಕಿಂತ ದೊಡ್ಡ ಆಯತ ಸಿಗುವುದಿಲ್ಲ. ಅಂಥ ಆಯತ ಲೋಕದಲ್ಲೇ ಇಲ್ಲ.

ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರು. ಖಾಲಿ ಎಂದುಕೊಂಡ ಜಾಗದಲ್ಲಿ ಪೆನ್ಸಿಲು ಒತ್ತಿದ ಗುರುತುಗಳಿದ್ದವು. ವರ್ಗ ಸಮೀಕರಣ ಇತ್ತು. ನಾನೂರರಿಂದ ನಾನೂರೆಂಬತ್ತು ಕಳೆದ ಗುರುತು ಇತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ‘ಇಂಥ ಆಯತ ಸಾಧ್ಯವಿಲ್ಲ.’ ಎಲ್ಲವನ್ನೂ ರಬ್ಬರಿನಿಂದ ಉಜ್ಜಿ, ಕಾಗದ ಸವೆಯುವಷ್ಟು ಉಜ್ಜಿ, ಹುಡುಗಿ ಕೈ ಮಡಿಲಲ್ಲಿಟ್ಟು ಕುಳಿತಿದ್ದಳು. ತಮ್ಮಲೆ ಕೊಟ್ಟ ಲೆಕ್ಕ ತಪ್ಪು ಎಂದು ಹೇಳುವುದಕ್ಕಿಂತ ತನಗೆ ಬರುವುದಿಲ್ಲ ಎನಿಸಿಕೊಳ್ಳುವುದು ಅವಳಿಗೆ ಸರಿ ಕಂಡಿತ್ತು.

ಮೂವತ್ತೊಂದು ವರ್ಷ ಬೋರ್ಡಿನ ಮುಂದೆ ನಿಂತ ಮನುಷ್ಯ ಆ ಹಾಳೆ ಹಿಡಿದುಕೊಂಡೇ ಬೇಲಿಯ ಸಂದಿಯಿಂದ ತಂಗಿಯ ಮನೆಗೆ ದಾಟಿದರು.

ತಂಗಿಗೆ ಹೇಳಿದರು. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ಕುಶಲಾ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸದೆ ಕೇಳಿಸಿಕೊಂಡಳು. ಹುಟ್ಟಿದಂದಿನಿಂದ ಅಣ್ಣನಿಗೆ ತಿರುಗಿ ಮಾತಾಡಿದವಳಲ್ಲ ಅವಳು. ಶೋಭಿತ್‌ನ ಹನ್ನೊಂದು ತಿಂಗಳಲ್ಲಿಯೂ ಒಂದು ಮಾತು ಹೇಳಿದವಳಲ್ಲ.

“ಒಬ್ಬನನ್ನು ಹತ್ತಿಸಿ ಬೀಳಿಸಿದಿರಿ” ಎಂದಳು. “ಇವಳನ್ನು ಹತ್ತಲಿಕ್ಕೇ ಬಿಡಲಿಲ್ಲ.”

ಅಷ್ಟೇ ಹೇಳಿ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಮಾಷ್ಟ್ರಿಗೆ ಅವಳು ಅತ್ತಿದ್ದರೆ ಚೆನ್ನಾಗಿತ್ತು ಅನಿಸಿತು.

ಮರುದಿನವೇ ಅವರು ಅಂಗಿ ಇಸ್ತ್ರಿ ಮಾಡಿಸಿಕೊಂಡು ಕಾಲೇಜುಗಳ ಮೆಟ್ಟಿಲು ಹತ್ತಿದರು. ಎರಡು ಕಡೆ ಆಗುವುದಿಲ್ಲ ಎಂದರು. ಬೇಸಿಕ್ ಬರೆದವರಿಗೆ ನಮ್ಮಲ್ಲಿ ಗಣಿತದ ಕಾಂಬಿನೇಷನ್ ಕೊಡುವ ಕ್ರಮ ಇಲ್ಲ, ಅರ್ಜಿಯನ್ನೇ ಕಂಪ್ಯೂಟರ್ ತೆಗೆದುಕೊಳ್ಳುವುದಿಲ್ಲ. ಜುಲೈಯಲ್ಲಿ ಸ್ಟ್ಯಾಂಡರ್ಡ್ ಪರೀಕ್ಷೆ ಬರೆಯಲು ಬೋರ್ಡು ಅವಕಾಶ ಕೊಡುತ್ತದೆ ನಿಜ, ಆದರೆ ಇಲ್ಲಿ ಪಿಯು ತರಗತಿ ಜೂನಿನಲ್ಲಿ ಶುರು, ಸೀಟು ಮೇ ಕೊನೆಗೆ ಮುಗಿಯುತ್ತದೆ. ಒಬ್ಬ ಗುಮಾಸ್ತೆ, ಯಾರು ಸರ್ ನಿಮಗೆ ಬೇಸಿಕ್ ತೆಗೆದುಕೊಳ್ಳಲು ಹೇಳಿದ್ದು ಎಂದು ಕೇಳಿದಳು, ಸುಮ್ಮನೆ, ಸಹಾನುಭೂತಿಯಿಂದ. ‘ಒಬ್ಬರು ಮಾಷ್ಟ್ರು’ ಎಂದರು ಮಹಾಬಲ ಮಾಷ್ಟ್ರು.

ಮೂರನೆಯ ಕಾಲೇಜಿನಲ್ಲಿ ಉಪಪ್ರಾಂಶುಪಾಲ ಶೆರ್ವಿನ್. ಇಪ್ಪತ್ತೆರಡು ವರ್ಷದ ಹಿಂದೆ ಇದೇ ಮಾಷ್ಟ್ರು ಜಗಲಿಯಲ್ಲಿ ಕೂರಿಸಿ ‘ಏರು’ ಎಂದಿದ್ದ ಹುಡುಗ. ಎದ್ದು ನಿಂತು ಕುರ್ಚಿ ಕೊಟ್ಟ. ಮಾಷ್ಟ್ರು ಏನನ್ನೂ ಅಡಗಿಸದೆ, ತಪ್ಪು ಬರೆದ ಸಂಖ್ಯೆಯ ತನಕ ಎಲ್ಲವನ್ನೂ ಹೇಳಿದರು. ಶೆರ್ವಿನ್ ಸೀಟಿನ ಪಟ್ಟಿ ತೆಗೆದು ನೋಡಿದ.

ಒಂದು ದಾರಿ ಉಂಟು ಎಂದ. ಪಿಸಿಎಂಎಸ್‌ನಲ್ಲಿ, ಅಂದರೆ ಗಣಿತವೂ ಸಂಖ್ಯಾಶಾಸ್ತ್ರವೂ ಇರುವುದರಲ್ಲಿ, ಒಂದು ಸೀಟು ನನ್ನ ಕೈಯಲ್ಲಿ ಹಿಡಿದಿಡುತ್ತೇನೆ, ಹುಡುಗಿ ಜೂನಿನಿಂದ ತರಗತಿಗೆ ಬರಲಿ, ಜುಲೈಯಲ್ಲಿ ಸ್ಟ್ಯಾಂಡರ್ಡ್ ಬರೆದು ಪಾಸಾಗಲಿ, ಮ್ಯಾನೇಜ್‌ಮೆಂಟಿಗೆ ನಾನು ಹೇಳುತ್ತೇನೆ.

“ಆದರೆ ಸರ್, ಒಂದು ಮಾತು. ನೀವು ಹೇಳಿದ್ದಕ್ಕೆ ನಾನು ಕೊಡುದಿಲ್ಲ. ಅವಳು ಹೇಳಬೇಕು. ಹೋದ ವರ್ಷ ಇಬ್ಬರು ಅಪ್ಪಂದಿರ ಒತ್ತಾಯಕ್ಕೆ ಕೊಟ್ಟೆ, ಎರಡೂ ಮಕ್ಕಳು ದೀಪಾವಳಿಗೆ ಮೊದಲೇ ಬಿಟ್ಟು ಹೋದವು. ಈಗ ನಾನು ಮಗುವನ್ನು ಒಬ್ಬಳನ್ನೇ ಕೂರಿಸಿ ಕೇಳುದು.”

ಮಾಷ್ಟ್ರು ತಲೆಯಾಡಿಸಿದರು. ಶನಿವಾರ ಕೊನೆಯ ದಿನ.

ಶುಕ್ರವಾರ ಸಂಜೆ ಸಂಚಿತಾಳ ಹತ್ತಿರ ಮಾತಾಡಬೇಕೆಂದು ಹೋದರು. ಶೆರ್ವಿನ್ ಹೇಳಿದ್ದನ್ನೆಲ್ಲ ಹೇಳಿ, ನಿನಗೆ ಬೇಕಾ ಎಂದು ಕೇಳಿದರು. ನೀವು ಹೇಳಿದ ಹಾಗೆ ಎಂದಳು. ನಾನು ಹೇಳುವುದಲ್ಲ, ನೀನು ಹೇಳಬೇಕು ಎಂದರು. ಅವಳು ಸರಿ ಎಂದಳು. ಅದು ಯಾವುದಕ್ಕೆ ಸರಿ ಎಂದು ಅವರಿಗೆ ಗೊತ್ತಾಗಲಿಲ್ಲ. ಮತ್ತೆ ಕೇಳಿದರು. ಅವಳು ಮತ್ತೆ ಸರಿ ಎಂದಳು. ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು, ಮರ್ವಾಳ ಟೆರೇಸಿನಲ್ಲಿ ಗಟ್ಟಿ ಸ್ವರದಲ್ಲಿ ಬೈಯುವ ಹುಡುಗಿ. ಆ ಸ್ವರವನ್ನು ಅವರು ಒಂದು ದಿನವೂ ಕೇಳಿದವರಲ್ಲ.

ಶನಿವಾರ ಹತ್ತು ಗಂಟೆಗೆ ಇಬ್ಬರೂ ಕಾಲೇಜು ಮುಟ್ಟಿದರು. ಅವಳ ಅಪ್ಪನಿಗೆ ಪಾಳಿ ಇತ್ತು. ಕುಶಲಾ ಬರುವುದಿಲ್ಲ ಎಂದಿದ್ದಳು. ಶೆರ್ವಿನ್ ಹುಡುಗಿಯನ್ನು ಒಳಗೆ ಕರೆದ. ಮಾಷ್ಟ್ರು ತಾವಾಗಿಯೇ ಹೊರಗೆ ನಿಂತು ಬಾಗಿಲು ಎಳೆದುಕೊಂಡರು.

ಕಾರಿಡಾರಿನ ತುಂಬಾ ಜನ, ಫೋಟೋ ಅಂಟಿಸುವವರು, ಅಂಕಪಟ್ಟಿಯ ಪ್ರತಿ ಹುಡುಕುವವರು. ಒಬ್ಬ ಅಪ್ಪ ಮಗನಿಗೆ ಬೈಯುತ್ತಿದ್ದ, ಮಗ ಮೊಬೈಲು ನೋಡುತ್ತಿದ್ದ. ಮಾಷ್ಟ್ರು ಒಂದು ಕಂಬಕ್ಕೆ ಒರಗಿದರು. ಒಳಗಿನಿಂದ ಮೊದಲು ಶೆರ್ವಿನ್‌ನ ಸ್ವರ ಕೇಳಿತು, ಆಮೇಲೆ ಹುಡುಗಿಯ ಸ್ವರ. ಶಬ್ದ ಹಿಡಿಯಲಿಲ್ಲ. ಆದರೆ ಮಾತು ಉದ್ದವಿತ್ತು, ನಡುಗುತ್ತಿರಲಿಲ್ಲ. ಮಾಷ್ಟ್ರ ಎದೆ ಹಗುರವಾಯಿತು. ಹೇಳಿದಳು, ಅಂತೂ ಬಾಯಿ ಬಿಟ್ಟು ಹೇಳಿದಳು ಎಂದುಕೊಂಡರು. ಜುಲೈಗೆ ಆರು ವಾರ ಉಂಟು, ಯಾವ ಪಾಠ ಮೊದಲು, ಯಾವುದು ಆಮೇಲೆ ಎಂದು ಮನಸ್ಸಿನಲ್ಲೇ ಪಟ್ಟಿ ಹಾಕತೊಡಗಿದರು. ಇಲ್ಲ, ನಾನು ಹಾಕಬಾರದು, ಅವಳೇ ಹಾಕಲಿ ಎಂದು ಪಟ್ಟಿಯನ್ನು ಅಲ್ಲಿಯೇ ಬಿಟ್ಟರು.

ಬಾಗಿಲು ತೆರೆಯಿತು. ಹುಡುಗಿಯ ಕೈಯಲ್ಲಿ ಒಂದು ಫಾರಂ ಇತ್ತು. ಅವಳ ಹಿಂದೆ ನಿಂತ ಶೆರ್ವಿನ್ ಮಾಷ್ಟ್ರ ಮುಖವನ್ನು ನೋಡಲಿಲ್ಲ.

“ಎಂತ ಹೇಳಿದೆ ಮಗಾ?”

“ಗಣಿತ ಬೇಡ ಅಂತ ಹೇಳಿದೆ.”

ಮಾಷ್ಟ್ರು ಅವಳನ್ನು ಜನರಿಂದ ಸ್ವಲ್ಪ ಆಚೆ, ನೀರಿನ ನಲ್ಲಿಯ ಹತ್ತಿರ ಕರೆದುಕೊಂಡು ಹೋದರು. “ನನ್ನ ಮೇಲಿನ ಸಿಟ್ಟಿಗಾ?”

“ಅಲ್ಲ.”

“ಮತ್ತೆ?”

ಹುಡುಗಿ ಫಾರಮನ್ನು ಎರಡು ಮಡಿಕೆ ಮಾಡಿದಳು, ಬಿಡಿಸಿದಳು. ಮಾತು ಶುರುವಾದಾಗ ಮೆಲ್ಲಗೆ ಬಂತು, ಆಮೇಲೆ ನಿಲ್ಲಲಿಲ್ಲ.

“ಮರ್ವಾಳಿಗೆ ಹೇಳಿಕೊಡುವಾಗ ಎಲ್ಲ ಬರ್ತಿತ್ತು. ಮನೆಗೆ ಬಂದು ನಾನೊಬ್ಬಳೇ ಕೂತರೆ ಕೈ ನಿಲ್ತಿತ್ತು. ಇದು ನನಗೆ ಬರುದಲ್ಲ, ಬರ್ತದೆ ಅಂತ ನನಗೆ ಕಾಣುದು ಮಾತ್ರ ಅಂತ ಆಗ್ತಿತ್ತು. ನೀವು ಎಷ್ಟು ಮಕ್ಕಳನ್ನು ನೋಡಿದವರು. ನನಗೆ ಕಾಣದ್ದು ಎಂತದೋ ನಿಮಗೆ ಕಂಡಿರಬೇಕು ಅಂತ ಅಂದ್ಕೊಂಡೆ. ಅಣ್ಣನದ್ದೂ ನೋಡಿದ್ದೇನಲ್ಲ. ದಿನಾ ಅದನ್ನೇ ಅಂದ್ಕೊಂಡು ಅಂದ್ಕೊಂಡು, ಈಗ ಪುಸ್ತಕ ತೆಗೆದರೆ ಹೆದರಿಕೆ ಆಗ್ತದೆ.”

“ಆ ಐದನೆಯ ಲೆಕ್ಕ ತಪ್ಪು ಬರೆದದ್ದು ನಾನು. ನಿನ್ನದು ಸರಿ ಇತ್ತು.”

“ಗೊತ್ತು. ಆವತ್ತೇ ಗೊತ್ತಿತ್ತು.”

“ಗೊತ್ತಿದ್ದೂ ಉಜ್ಜಿದೆಯಾ?”

“ನಿಮ್ಮ ಲೆಕ್ಕ ತಪ್ಪು ಅಂತ ನಾನು ಹೇಗೆ ಹೇಳುದು ತಮ್ಮಲೆ?” ಹುಡುಗಿ ನಲ್ಲಿಯ ಕಡೆ ನೋಡಿದಳು. “ಮತ್ತೆ ನೀವು ಬೇಸಿಕ್ ಅಂದಿರಿ. ಆಮೇಲೆ ಅದು ತಪ್ಪು ಅಂತ ನನಗೆ ಕಂಡದ್ದೇ ತಪ್ಪಾ ಅಂತ ಸಂಶಯ ಬಂತು.”

ಮಾಷ್ಟ್ರಿಗೆ ಹೇಳಬೇಕಾದದ್ದು ಎಷ್ಟೋ ಇತ್ತು. ಹೆದರಿಕೆ ಹೋಗುತ್ತದೆ, ನಾನು ಜೊತೆಗಿದ್ದೇನೆ, ನಿನಗೆ ಆಗುತ್ತದೆ ಎನ್ನಬಹುದಿತ್ತು. ಆದರೆ ‘ಆಗುತ್ತದೆ’ ಎಂದು ಅವಳ ಅಣ್ಣನಿಗೆ ಹೇಳಿದವರೂ ಅವರೇ, ‘ಆಗುವುದಿಲ್ಲ’ ಎಂದು ಅವಳಿಗೆ ಹೇಳಿದವರೂ ಅವರೇ. ಇನ್ನೊಮ್ಮೆ ‘ಆಗುತ್ತದೆ’ ಎನ್ನಲು ನಾಲಿಗೆ ಏಳಲಿಲ್ಲ. ಎಂದರೆ ಅವಳು ಹೂಂ ಅನ್ನುತ್ತಾಳೆ, ಅದೂ ಅವರಿಗೆ ಗೊತ್ತಿತ್ತು.

“ನನ್ನಿಂದ ತಪ್ಪಾಯಿತು ಮಗಾ” ಎಂದರು. ಯಾವ ಶಿಷ್ಯನಿಗೂ, ಯಾವ ಮಗುವಿಗೂ ಅವರು ಹೇಳಿದ ಮಾತಲ್ಲ ಅದು.

“ಇಲ್ಲ ತಮ್ಮಲೆ, ನಿಮ್ಮದೆಂತ ತಪ್ಪಿಲ್ಲ” ಎಂದಳು ಸಂಚಿತಾ ಕೂಡಲೇ.

ಮಾಷ್ಟ್ರು ಅವಳ ಮುಖ ನೋಡಿದರು. ಅದು ಮನಸ್ಸಿನಿಂದ ಬಂದ ಮಾತೋ, ಮರ್ಯಾದೆಗೆ ಬಂದ ಮಾತೋ ಅವರಿಗೆ ಓದಲು ಆಗಲಿಲ್ಲ.

ಆಫೀಸಿನಿಂದ ಇವಳ ಹೆಸರು ಕರೆದರು. ಹುಡುಗಿ ಫಾರಮನ್ನು ಗೋಡೆಗೆ ಒತ್ತಿ ಹಿಡಿದು ಸರಿ ಮಾಡಿಕೊಂಡಳು. ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ, ಗಣಿತವಿಲ್ಲದ ಕಾಮರ್ಸಿನ ನಾಲ್ಕೂ ವಿಷಯದ ಎದುರು ಗುರುತು ಆಗಲೇ ಬಿದ್ದಿತ್ತು. ಪೋಷಕರ ಸಹಿಯ ಗೆರೆ ಮಾತ್ರ ಬಾಕಿ. ಪೆನ್ನು ಅವಳೇ ಕೊಟ್ಟಳು. ಕನ್ನಡಕ ಮಂಜಾಗಿದ್ದರಿಂದ ಮಾಷ್ಟ್ರಿಗೆ ಗೆರೆ ಕಾಣಲಿಲ್ಲ. “ಇಲ್ಲಿ” ಎಂದು ಅವಳು ಬೆರಳಿಟ್ಟು ತೋರಿಸಿದಳು. ಅವರು ಅಲ್ಲಿ ಸಹಿ ಹಾಕಿದರು.